ಒಂದೇ ಕಾಲು, ನಾಲ್ಕು ಬ್ಲಾಕು

ಮಾರ್ಚ್ ಕೊನೆಯ ವಾರ ನಮ್ಮ ಲ್ಯಾಬಿಗೆ ಒಂದು ಸಣ್ಣ ಬಾಟಲಿ ಬಂತು. ಫಾರ್ಮಲಿನ್‌ನಲ್ಲಿ ಮುಳುಗಿದ್ದ ಕೊತ್ತಂಬರಿ ಕಾಳಿನಷ್ಟು ಚರ್ಮ. ಜೊತೆಗಿದ್ದ ಚೀಟಿಯಲ್ಲಿ ಇದ್ದದ್ದು ಇಷ್ಟು: ಗಂಡಸು, 44 ವರ್ಷ, ಎಡಗಾಲು, ಎಂಟು ತಿಂಗಳಿನಿಂದ ತುರಿಕೆ. ಕೊನೆಗೆ ಒಂದು ಪ್ರಶ್ನೆ: ಸೋರಿಯಾಸಿಸಾ, ಎಕ್ಸಿಮಾವಾ?

ನಾನು ಕಾಸರಗೋಡಿನಲ್ಲಿ ಪೆಥಾಲಜಿಸ್ಟ್. ರೋಗಿಗಳ ಮುಖ ನೋಡುವುದು ಕಡಿಮೆ, ಅವರಿಂದ ತೆಗೆದ ತುಂಡು ನೋಡುವುದೇ ಜಾಸ್ತಿ. ಈ ರೋಗಿಯ ಮುಖವನ್ನು ಮಾತ್ರ ಆಮೇಲೆ ನೋಡಬೇಕಾಗಿ ಬಂತು. ಅದಕ್ಕೆ ಕಾರಣ ನಾನೇ ಬರೆದ ಒಂದು ರಿಪೋರ್ಟ್. ಗುರುತು ಸಿಗಬಾರದೆಂದು ವಯಸ್ಸು, ಊರು ಸ್ವಲ್ಪ ಬದಲಿಸಿದ್ದೇನೆ. ಬದಿಯಡ್ಕದ ಆಚೆಗಿನ ಒಂದು ಊರು ಎಂದಿಟ್ಟುಕೊಳ್ಳಿ. ಅಡಿಕೆ ಮರ ಹತ್ತುವ ಕೆಲಸ. ಮಳೆ ಹಿಡಿಯುವ ಮೊದಲು ಮದ್ದು ಬಿಡುವುದು, ಆಮೇಲೆ ಕೊಯ್ಲು.

ಮೊದಲ ಸ್ಲೈಡಿನಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಇತ್ತು. ಮೇಲ್ಚರ್ಮ ದಪ್ಪಗಾಗಿತ್ತು, ಆದರೆ ಒಂದೇ ಸಮ ಅಲ್ಲ. ಅದರ ಮೇಲ್ತುದಿಯಲ್ಲಿ ಕಾಳು ತುಂಬಿದ ಕೋಶಗಳ ಸಾಲು, ಅಂದರೆ ಗ್ರಾನ್ಯುಲರ್ ಪದರ, ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು. ಒಳಚರ್ಮದಲ್ಲಿ ರಕ್ತನಾಳಗಳ ಸುತ್ತ ನಾಲ್ಕಾರು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು. ತುರಿಸಿ ತುರಿಸಿ ಅಲ್ಲಿನ ಕೊಲಾಜನ್ ಎಳೆಗಳು ನೆಟ್ಟಗೆ ನಿಂತಿದ್ದವು. ಇದು ಸೋರಿಯಾಸಿಸ್ ಎನ್ನಲು ಸಾಲದು, ಅಲ್ಲ ಎನ್ನಲೂ ಸಾಲದು. ನಾನು ಬರೆದೆ: ಸೋರಿಯಾಸಿಫಾರ್ಮ್ ಡರ್ಮಟೈಟಿಸ್ (ಸೋರಿಯಾಸಿಸ್‌ನಂತೆ ಕಾಣುವ ಚರ್ಮದ ಉರಿಯೂತ), ಕ್ಲಿನಿಕಲ್ ಕೊರಿಲೇಶನ್ ಅಗತ್ಯ.

ಈ ಕೊನೆಯ ಮೂರು ಪದ ನಮ್ಮ ಕಸುಬಿನ ಕೊಡೆ. ಮಳೆ ಬಂದರೆ ಬಿಡಿಸುತ್ತೇವೆ. ಅರ್ಥ ಬೇರೇನಿಲ್ಲ, ‘ಹಾಗೆಯೇ ಕಾಣುತ್ತದೆ, ಉಳಿದದ್ದು ನೀವೇ ನೋಡಿಕೊಳ್ಳಿ’ ಅಂತ.

ಮರುದಿನ ಚರ್ಮದ ಡಾಕ್ಟರ್ ಫೋನ್ ಮಾಡಿದರು. ಕುಂಬಳೆಯ ಕಡೆಯವರು, ಹಳೆಯ ಪರಿಚಯ. “ಎಂತ ಮಾರಾಯ್ರೆ, ನಾನು ಕೇಳಿದ ಪ್ರಶ್ನೆಯನ್ನೇ ಟೈಪ್ ಮಾಡಿ ವಾಪಸ್ ಕಳಿಸಿದ್ದೀರಲ್ಲ?”

ನಾನೂ ಬಿಡಲಿಲ್ಲ. “ತುಂಡು ತೆಗೆದದ್ದು ಎಲ್ಲಿಂದ ಮೇಡಂ? ಆ ಕಲೆ ಎಷ್ಟು ದಿನದ್ದು? ಏನಾದರೂ ಹಚ್ಚಿದ್ದರಾ?”

ಅವರು ಸ್ವಲ್ಪ ಹೊತ್ತು ಸುಮ್ಮನಾದರು. ತೆಗೆದದ್ದು ಹಳೆಯ ಕಲೆಯ ನಡುವಿನಿಂದ. ಎಷ್ಟು ದಿನದ್ದು ಎಂದು ಕೇಳಿರಲಿಲ್ಲ. ಹಚ್ಚಿದ್ದರ ಬಗ್ಗೆ ಮಾತ್ರ ಸಂಜೆ ಹೊತ್ತಿಗೆ ಉತ್ತರ ಬಂತು, ಫೋಟೋ ಸಮೇತ. ಚೀಟಿಯಿಲ್ಲದೆ ಅಂಗಡಿಯಿಂದ ತಂದ ಟ್ಯೂಬ್. ಕ್ಲೋಬೆಟಸಾಲ್ ಎಂಬ ಭಾರೀ ಸ್ಟೀರಾಯ್ಡ್, ಅದರೊಂದಿಗೆ ಹುಳಕಡ್ಡಿಯ ಮದ್ದು, ಮೇಲೊಂದು ಆಂಟಿಬಯಾಟಿಕ್. ಮೂರೂ ಒಂದೇ ಟ್ಯೂಬಿನಲ್ಲಿ. ಮೂರು ತಿಂಗಳಿನಿಂದ ಹಚ್ಚುತ್ತಿದ್ದರಂತೆ. “ಹಾಕಿದ್ರೆ ಎರಡು ದಿನದಲ್ಲಿ ಆರ್ತದೆ ಡಾಕ್ಟ್ರೇ, ಬಿಟ್ರೆ ಪುನಃ ಬರ್ತದೆ” ಎಂದಿದ್ದರಂತೆ ಅವರು.

ಅಲ್ಲಿಗೆ ನನ್ನ ಸ್ಲೈಡಿನ ಗುಟ್ಟು ಬಯಲಾಯಿತು. ಅದು ರೋಗದ ಚಿತ್ರವಲ್ಲ. ರೋಗ, ಸ್ಟೀರಾಯ್ಡ್, ಉಗುರು, ಈ ಮೂವರೂ ಸೇರಿ ಬರೆದು ಅಳಿಸಿ ಬರೆದ ಚಿತ್ರ. ಇಂಥ ಟ್ಯೂಬ್ ಹಚ್ಚಿದ ಚರ್ಮದಲ್ಲಿ ಹುಳಕಡ್ಡಿಯೂ ವೇಷ ಬದಲಿಸಿ ಕೂತಿರಬಹುದು. ಹಾಗಿದ್ದೂ ಫಂಗಸ್ ಹುಡುಕುವ ಪಾಸ್ ಬಣ್ಣವನ್ನು ನಾನು ಹಾಕಿರಲಿಲ್ಲ. ಟ್ಯೂಬಿನ ವಿಷಯ ಗೊತ್ತಿರಲಿಲ್ಲ ಎನ್ನಬಹುದು. ಆದರೆ ಕೇಳಲಿಲ್ಲ ಎಂಬುದು ಅದಕ್ಕಿಂತ ನಿಜ. ಹಳೆಯ ಬ್ಲಾಕನ್ನೇ, ಅಂದರೆ ತುಂಡನ್ನು ಕೂರಿಸಿದ ಮೇಣದ ಗಟ್ಟಿಯನ್ನೇ, ಮತ್ತೆ ಕೊಯ್ದು ಬಣ್ಣ ಹಾಕಿದೆ. ಫಂಗಸ್ ಇರಲಿಲ್ಲ.

ಮುಂದಿನದಕ್ಕೆ ಹೋಗುವ ಮೊದಲು ಚರ್ಮದ ಬಗ್ಗೆ ಒಂದು ಮಾತು. ಮೇಲ್ಚರ್ಮದ ಅಡಿಯ ಸಾಲಿನಲ್ಲಿ ಕೋಶಗಳು ಹುಟ್ಟುತ್ತವೆ. ಅಲ್ಲಿಂದ ನಿಧಾನ ಮೇಲೇರುತ್ತವೆ, ಚಪ್ಪಟೆಯಾಗುತ್ತವೆ. ಗ್ರಾನ್ಯುಲರ್ ಪದರ ದಾಟುವಾಗ ನ್ಯೂಕ್ಲಿಯಸ್ ಕಳೆದುಕೊಂಡು ಒಣ ಹಾಳೆಯಾಗಿ ಕೊನೆಗೆ ಉದುರುತ್ತವೆ. ಇದಕ್ಕೆಲ್ಲ ಸುಮಾರು 28 ದಿನ. ಆ ಒಣ ಹಾಳೆಗಳ ಪದರ ಸ್ಲೈಡಿನಲ್ಲಿ ಬುಟ್ಟಿ ಹೆಣಿಗೆಯಂತೆ ಕಾಣುತ್ತದೆ. ಸೋರಿಯಾಸಿಸ್‌ನಲ್ಲಿ ಇದೇ ದಾರಿ ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ಕುಚ್ಚಲಕ್ಕಿಯನ್ನು ಅರ್ಧ ಬೆಂದಾಗಲೇ ಬಸಿದ ಹಾಗೆ. ಹೊರಗೆ ಅನ್ನ, ಒಳಗೆ ಕಾಳು. ಮೇಲಿನ ಒಣ ಪದರದಲ್ಲೂ ನ್ಯೂಕ್ಲಿಯಸ್ ಉಳಿದುಬಿಟ್ಟಿರುತ್ತದೆ, ನೀಲಿ ಗೀಟು ಎಳೆದಂತೆ. ಇದೇ ಪ್ಯಾರಾಕೆರಟೋಸಿಸ್. ಹೀಗೆ ಅರೆಬೆಂದ ಕೋಶಗಳು ಒಂದನ್ನೊಂದು ಬಿಡಲೊಲ್ಲದೆ ಅಂಟಿಕೊಂಡು ಬೆಳ್ಳಿ ಬಣ್ಣದ ಹೊಟ್ಟಾಗುತ್ತವೆ.

ಡಾಕ್ಟರ್ ಟ್ಯೂಬ್ ನಿಲ್ಲಿಸಿದರು. ಬರೀ ತೆಂಗಿನೆಣ್ಣೆ ಹಚ್ಚಿ, ಎರಡು ಮೂರು ವಾರ ಬಿಟ್ಟು ಬನ್ನಿ ಎಂದರು. ರೋಗಿ ಮತ್ತೆ ಅವರ ಬಳಿ ಬಂದದ್ದು ಜೂನ್ ಮಧ್ಯದಲ್ಲಿ. ಭಾರೀ ಸ್ಟೀರಾಯ್ಡ್ ಏಕಾಏಕಿ ನಿಲ್ಲಿಸಿದರೆ ರೋಗ ಉಕ್ಕಿ ಬರುವುದು ಉಂಟು. ಹಳೆಯ ಕಲೆಗಳು ಕೆಂಪಾಗಿ ದಪ್ಪಗಾಗಿದ್ದವು. ಅದರ ಜೊತೆಗೆ ಹೊಸದೊಂದು ವಿಚಿತ್ರ. ಎರಡೂ ಪಾದದ ಮೇಲ್ಭಾಗದಲ್ಲಿ, ಮರ ಹತ್ತುವಾಗ ಕಾಲಿಗೆ ಹಾಕುವ ಹಗ್ಗ ಉಜ್ಜುವ ಜಾಗದಲ್ಲೇ, ಸಾಲಾಗಿ ಕೆಂಪು ಗುಳ್ಳೆಗಳು. ಮೊಣಕಾಲ ಕೆಳಗೆ ಮರಕ್ಕೆ ತಾಗುವಲ್ಲೂ ಹಾಗೆಯೇ.

“ಇದು ಮದ್ದಿನದ್ದೇ” ಎಂಬುದು ರೋಗಿಯ ಖಚಿತ ಅಭಿಪ್ರಾಯ. ಮದ್ದು ಎಂದರೆ ಬೋರ್ಡೋ ದ್ರಾವಣ. ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಹೊಡೆಯುವಂಥದ್ದು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೇ ಕೊನೆಗೆ ಅವರು ದಿನವಿಡೀ ಅದರಲ್ಲೇ ಮಿಂದಿದ್ದರು. ಸಂಶಯ ಸುಳ್ಳೆನ್ನಲು ಆಗುವುದಿಲ್ಲ. ಸುಣ್ಣ ಚರ್ಮವನ್ನು ಸುಡುತ್ತದೆ, ರಾಸಾಯನಿಕ ತಾಗಿ ಎಕ್ಸಿಮಾ ಆಗುವುದೂ ಉಂಟು. ಆದರೆ ಮದ್ದು ಜಾಸ್ತಿ ಬೀಳುವುದು ಕೈಗೆ, ಕತ್ತಿಗೆ, ಮುಖಕ್ಕೆ. ಅಲ್ಲೆಲ್ಲ ಚರ್ಮ ಚೊಕ್ಕ ಇತ್ತು. ಗುಳ್ಳೆ ಎದ್ದದ್ದು ಹಗ್ಗದ ಗೆರೆಯಲ್ಲಿ, ಅದೂ ಹತ್ತಿದ ಎರಡು ವಾರದ ಮೇಲೆ. ಗಾಯವಾದ, ಉಜ್ಜಿದ ಜಾಗದಲ್ಲೇ ಸೋರಿಯಾಸಿಸ್ ಹುಟ್ಟುವುದನ್ನು ಜರ್ಮನಿಯ ಹೈನ್ರಿಚ್ ಕೋಬ್ನರ್ 1870ರ ದಶಕದಲ್ಲೇ ಹೇಳಿದ್ದರು. ಹೆಚ್ಚಾಗಿ ಹತ್ತರಿಂದ ಇಪ್ಪತ್ತು ದಿನದೊಳಗೆ ಕಾಣುತ್ತದೆ. ಲೆಕ್ಕ ಸರಿಯಾಗಿ ಕೂತಿತು.

ಈ ಸಲ ಡಾಕ್ಟರ್ ಚೀಟಿಯಲ್ಲಿ ಜಾಗ ಸಾಲದೆ ಹಿಂದಿನ ಪುಟದಲ್ಲೂ ಬರೆದಿದ್ದರು. ಎರಡು ತುಂಡು. ಒಂದು ನಾಲ್ಕೈದು ದಿನದ ಗುಳ್ಳೆಯದ್ದು, ‘ಶುಕ್ರವಾರ ಇರಲಿಲ್ಲ’ ಎಂದು ರೋಗಿಯೇ ಹೇಳಿದ್ದು. ಇನ್ನೊಂದು ಹಳೆಯ ಕಲೆಯದ್ದು, ಹೊಟ್ಟು ದಪ್ಪ ಇರುವಲ್ಲಿಂದ.

ಎಳೆ ಗುಳ್ಳೆಯ ಸ್ಲೈಡನ್ನು ನಾನು ಬಹಳ ಹೊತ್ತು ನೋಡಿದೆ. ಮೊದಲ ನೋಟಕ್ಕೆ ಮೇಲ್ಚರ್ಮ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ಗಲಾಟೆಯೆಲ್ಲ ಅದರ ಅಡಿಯಲ್ಲಿ. ಒಳಚರ್ಮ ಬೆರಳಿನಂತೆ ಮೇಲೆ ಚಾಚಿಕೊಳ್ಳುವ ಕಡೆ ನೀರು ತುಂಬಿ ಉಬ್ಬಿದೆ. ಅದರೊಳಗಿನ ಸೂಕ್ಷ್ಮ ರಕ್ತನಾಳ ಹಿಗ್ಗಿ, ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿಯಂತೆ ಸುತ್ತಿಕೊಂಡಿದೆ. ಸುತ್ತಲೂ ಲಿಂಫೋಸೈಟ್‌ಗಳು. ಕೆಲವು ಆಗಲೇ ಮೇಲ್ಚರ್ಮದ ಅಡಿಸಾಲಿಗೆ ನುಗ್ಗಿವೆ. ಅಲ್ಲಿ ಕೋಶಗಳ ನಡುವೆ ಸ್ವಲ್ಪ ನೀರೂ ಇದೆ. ಅದನ್ನಷ್ಟೇ ನೋಡಿದ್ದರೆ ಎಕ್ಸಿಮಾ ಎಂದು ಬರೆದು ಎದ್ದುಬಿಡುತ್ತಿದ್ದೆನೋ ಏನೋ.

ಆದರೆ ಸ್ಲೈಡ್ ಸರಿಸುತ್ತಾ ಹೋದಾಗ ಒಂದೇ ಒಂದು ಕಡೆ ಒಂದು ಪುಟ್ಟ ದಿಬ್ಬ ಸಿಕ್ಕಿತು. ಎಡಕ್ಕೆ ಮಾಮೂಲಿ ಬುಟ್ಟಿ ಹೆಣಿಗೆ, ಬಲಕ್ಕೂ ಬುಟ್ಟಿ ಹೆಣಿಗೆ. ನಡುವೆ ಮಾತ್ರ ಪ್ಯಾರಾಕೆರಟೋಸಿಸ್‌ನ ಗುಡ್ಡ. ಗುಡ್ಡದ ನೆತ್ತಿಯಲ್ಲಿ ಏಳೆಂಟು ನ್ಯೂಟ್ರೋಫಿಲ್ (ಇನ್ನೊಂದು ಬಗೆಯ ಬಿಳಿ ರಕ್ತಕಣ), ಒಣಗಿ ಕಪ್ಪು ಪುಡಿಯಾಗುತ್ತಿದ್ದವು. ಅದರ ನೇರ ಕೆಳಗೆ ಗ್ರಾನ್ಯುಲರ್ ಪದರ ಮಾಯ. ಇನ್ನೂ ಕೆಳಗೆ ಅದೇ ಹಿಗ್ಗಿದ ರಕ್ತನಾಳದ ತುದಿ. ಕೆಳಗಿನಿಂದ ಮೇಲಿನವರೆಗೆ ಒಂದೇ ಗೆರೆ. ಆ ತುದಿಯಿಂದ ನ್ಯೂಟ್ರೋಫಿಲ್‌ಗಳು ಚಿಮ್ಮಿದ ಹಾಗೆ ಮೇಲೇರುತ್ತವೆ, ಒಂದು ಸಲ ಚಿಮ್ಮಿ ನಿಲ್ಲುತ್ತವೆ, ಮತ್ತೆ ಚಿಮ್ಮುತ್ತವೆ. ಎಕ್ಸಿಮಾ ಹೀಗೆ ಮಾಡುವುದಿಲ್ಲ. ಅಲ್ಲಿ ನೀರು ಕೋಶಗಳನ್ನು ಇನ್ನೂ ಬಿಡಿಸಿ ಬೊಕ್ಕೆ ಎಬ್ಬಿಸುತ್ತದೆ, ಮೇಲೆ ಒಸರಿ ಒಣಗಿದ ಹಕ್ಕಳೆ ಇರುತ್ತದೆ. ಕೆಳಗೆ ಇಯೋಸಿನೋಫಿಲ್ ಎಂಬ ಮತ್ತೊಂದು ಬಗೆಯ ಬಿಳಿ ರಕ್ತಕಣಗಳೂ ಹೆಚ್ಚಾಗಿ ಸಿಗುತ್ತವೆ. ಇಲ್ಲಿ ಒಂದೂ ಇರಲಿಲ್ಲ. ಸುಣ್ಣದಿಂದ ಸುಟ್ಟಿದ್ದರೆ ಸತ್ತ ಮೇಲ್ಚರ್ಮದ ಕೋಶಗಳಾದರೂ ಕಾಣಬೇಕಿತ್ತು. ಅದೂ ಇಲ್ಲ.

ಈ ದಿಬ್ಬ ಸಿಕ್ಕಿದ್ದು ಮೂರನೇ ಮಟ್ಟದ ಕೊಯ್ತದಲ್ಲಿ, ಅಂದರೆ ಬ್ಲಾಕನ್ನು ಇನ್ನೂ ಆಳಕ್ಕೆ ಕೊಯ್ದಾಗ. ನಮ್ಮ ಟೆಕ್ನಿಷಿಯನ್ ಮೈಕ್ರೋಟೋಮ್‌ನಲ್ಲಿ ನಾಲ್ಕು ಮೈಕ್ರಾನ್ ದಪ್ಪದ ಎಳೆ ತೆಗೆಯುತ್ತಾರೆ. ಒಂದು ಮಿಲಿಮೀಟರಿನಲ್ಲಿ ಅಂಥ 250 ಎಳೆ. ಮೊದಲ ಎರಡು ಮಟ್ಟ ನೋಡಿ ಮುಗಿಸಿದ್ದರೆ ದಿಬ್ಬ ಬ್ಲಾಕಿನ ಮೇಣದೊಳಗೇ ಉಳಿಯುತ್ತಿತ್ತು.

ಬಲಿತ ಕಲೆಯ ಸ್ಲೈಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಪಾಠದಲ್ಲಿ ಓದಿದ ಚಿತ್ರವೇ. ಮೇಲ್ಚರ್ಮ ಬಾಚಣಿಗೆಯ ಹಲ್ಲಿನಂತೆ ಒಂದೇ ಉದ್ದಕ್ಕೆ ಕೆಳಗಿಳಿದಿದೆ. ದಿಬ್ಬಗಳೆಲ್ಲ ಕೂಡಿ ಒಂದೇ ಚಪ್ಪರವಾಗಿದೆ. ಅದರಲ್ಲಿ ನ್ಯೂಟ್ರೋಫಿಲ್‌ಗಳ ಗುಂಪು, ಮನ್ರೋ ಮೈಕ್ರೋಆಬ್ಸೆಸ್ ಎನ್ನುತ್ತೇವೆ. ಒಂದು ವಿಷಯ ಮಾತ್ರ ಹೇಳಲೇಬೇಕು. ಹಲ್ಲುಗಳ ನಡುವೆ ಮೇಲೇರಿದ ರಕ್ತನಾಳದ ನೆತ್ತಿಯಲ್ಲಿ ಮೇಲ್ಚರ್ಮ ಎರಡು ಮೂರು ಕೋಶದಷ್ಟೇ ತೆಳು. ಡಾಕ್ಟರ್ ಹೊಟ್ಟು ಕೆರೆದಾಗ ಸೂಜಿ ಚುಚ್ಚಿದಂತೆ ರಕ್ತದ ಚುಕ್ಕಿಗಳು ಮೂಡಿದ್ದು ಅದಕ್ಕೇ. ಆಸ್ಪಿಟ್ಸ್ ಚಿಹ್ನೆ ಎಂದು ಅವರು ಚೀಟಿಯಲ್ಲಿ ಬರೆದಿದ್ದರು. ಅದರ ಕಾರಣ ನನ್ನ ಕಣ್ಣ ಮುಂದಿತ್ತು.

ರಿಪೋರ್ಟ್ ಬರೆದೆ: ಸೋರಿಯಾಸಿಸ್. ಕೊಡೆ ಬಿಡಿಸಲಿಲ್ಲ.

ರೋಗಿ ಲ್ಯಾಬಿಗೆ ಬಂದದ್ದು ಆ ವಾರ. ರಿಪೋರ್ಟ್ ಒಯ್ಯುವ ನೆಪ. ಒಳಗೆ ಬಂದು ಬಾಗಿಲು ಮುಚ್ಚಿದರು. ದನಿ ತಗ್ಗಿಸಿ ಕೇಳಿದರು, “ಡಾಕ್ಟ್ರೇ, ಇದು ದೊಡ್ಡ ರೋಗ ಅಲ್ಲ ತಾನೆ?”

ದೊಡ್ಡ ರೋಗ ಎಂದರೆ ಕುಷ್ಠ. ಅವರು ದಿನಾ ಚಾ ಕುಡಿಯುವ ಹೋಟೆಲಿನಲ್ಲಿ ಎರಡು ತಿಂಗಳಿನಿಂದ ಅವರಿಗೆ ಮಾತ್ರ ಕಾಗದದ ಲೋಟ ಬರುತ್ತಿತ್ತಂತೆ. ಉಳಿದವರಿಗೆಲ್ಲ ಗಾಜಿನದ್ದು. ಯಾರೂ ಏನೂ ಹೇಳಿಲ್ಲ. ಲೋಟ ಮಾತ್ರ ಬದಲಾಯಿತು.

ಈ ಗೊಂದಲ ಹೊಸದಲ್ಲ. ಯುರೋಪಿನಲ್ಲೂ ಶತಮಾನಗಳ ಕಾಲ ಎರಡನ್ನೂ ಒಂದೇ ಎಂದುಕೊಂಡಿದ್ದರು. ಸೋರಿಯಾಸಿಸ್ ಬೇರೆಯದೇ ರೋಗ ಎಂದು ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಖಡಾಖಂಡಿತವಾಗಿ ಬಿಡಿಸಿ ಹೇಳಿದ್ದು 1841ರಲ್ಲಿ. ನಾನು ಇತಿಹಾಸ ಹೇಳಲಿಲ್ಲ. ಮೈಕ್ರೋಸ್ಕೋಪಿನ ಮುಂದೆ ಕುಳಿತುಕೊಳ್ಳಿ ಎಂದೆ. ಕುಷ್ಠದಲ್ಲಿ ನರದ ಸುತ್ತ ಕೋಶಗಳು ಗಂಟು ಕಟ್ಟುತ್ತವೆ, ಜಾಗ ಜೋಮು ಹಿಡಿಯುತ್ತದೆ. ನಿಮ್ಮ ನರ ಇಲ್ಲಿದೆ ನೋಡಿ, ಚೆನ್ನಾಗಿದೆ. ಇದು ಮುಟ್ಟಿದರೆ ಅಂಟುವಂಥದ್ದೂ ಅಲ್ಲ. ಅವರು ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು. “ಇದು ನನ್ನ ಚರ್ಮವಾ? ಇಷ್ಟು ಬಣ್ಣ?” ಎಂದರು. ಬಣ್ಣ ನಾವು ಹಾಕಿದ ಹಿಮಟಾಕ್ಸಿಲಿನ್ ಮತ್ತು ಇಯೋಸಿನ್‌ನದ್ದು ಎಂದು ಹೇಳಲು ಮನಸ್ಸಾಗಲಿಲ್ಲ.

ಚಿಕಿತ್ಸೆ ಡಾಕ್ಟರರ ಕೆಲಸ, ಅದನ್ನು ಚುಟುಕಾಗಿ ಹೇಳುತ್ತೇನೆ. ರಕ್ತ, ಲಿವರ್ ಪರೀಕ್ಷೆ ಮಾಡಿಸಿ ಮೆಥೋಟ್ರೆಕ್ಸೇಟ್ ಶುರು ಮಾಡಿದರು, ಜೊತೆಗೆ ಫೋಲಿಕ್ ಆಸಿಡ್. ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆಲ್ಲ ಗುರುತು ಹಾಕಿಸಿ ಕಳಿಸಿದರು. ಕಳ್ಳು ಬಿಡಬೇಕು ಎಂದದ್ದಕ್ಕೆ ಮುಖ ಸಣ್ಣದಾಯಿತಂತೆ, ಆದರೂ ಬಿಟ್ಟರು.

ಸೆಪ್ಟೆಂಬರಿನಲ್ಲಿ ಮತ್ತೆ ಫೋನ್. “ಕಲೆ ನಡುವಿನಲ್ಲಿ ಆರಿದೆ, ಸುತ್ತ ಮಾತ್ರ ಕೆಂಪು ಬಳೆ ಉಂಟು. ಹುಳಕಡ್ಡಿ ಹಾಗೇ ಕಾಣ್ತದೆ. ಕೆರೆದು ನೋಡಿದೆ, ಫಂಗಸ್ ಸಿಗ್ಲಿಲ್ಲ. ಎಂತ ಮಾಡುವ?”

“ಅಂಚಿಗೆ ಅಡ್ಡಲಾಗಿ ತೆಗೆಯಿರಿ ಮೇಡಂ” ಎಂದೆ. “ಅರ್ಧ ಕೆಂಪು, ಅರ್ಧ ಆರಿದ್ದು. ಆರಿದ ತುದಿಗೆ ನೂಲು ಕಟ್ಟಿ.”

ಒಂದು ಸೆಂಟಿಮೀಟರ್ ಉದ್ದದ ತುಂಡು ಬಂತು. ಮೇಣದಲ್ಲಿ ಅದನ್ನು ಉದ್ದಕ್ಕೆ ಮಲಗಿಸಬೇಕು. ಅಡ್ಡ ಕೊಯ್ದರೆ ಕಥೆಯ ನಡುವಿನ ಒಂದು ಹಾಳೆ ಮಾತ್ರ ಸಿಗುತ್ತದೆ. ಟೆಕ್ನಿಷಿಯನ್ ಪಕ್ಕದಲ್ಲೇ ನಿಂತು ನಾನೇ ಮಲಗಿಸಿದೆ.

ಇಪ್ಪತ್ತು ವರ್ಷದಲ್ಲಿ ನಾನು ನೋಡಿದ ಸ್ಲೈಡುಗಳಲ್ಲಿ ಮನಸ್ಸಿನಲ್ಲಿ ಉಳಿದದ್ದು ಕೆಲವೇ. ಇದು ಅವುಗಳಲ್ಲಿ ಒಂದು. ಕೆಂಪು ತುದಿಯಿಂದ ಶುರು ಮಾಡಿ ಸ್ಟೇಜಿನ ತಿರುಪನ್ನು ನಿಧಾನ ತಿರುಗಿಸಿದೆ. ಮೊದಲು ಜೂನ್‌ನ ಅದೇ ಚಿತ್ರ: ಬಾಚಣಿಗೆ, ಚಪ್ಪರ, ನ್ಯೂಟ್ರೋಫಿಲ್. ಸ್ವಲ್ಪ ಮುಂದೆ ಹೋದರೆ ನ್ಯೂಟ್ರೋಫಿಲ್ ಇಲ್ಲ, ಉಳಿದದ್ದೆಲ್ಲ ಇದೆ. ಮೊದಲು ಜಾಗ ಖಾಲಿ ಮಾಡುವವರು ಅವರೇ. ಇನ್ನೂ ಮುಂದೆ ಗ್ರಾನ್ಯುಲರ್ ಪದರ ಶುರುವಾಯಿತು. ಮೊದಲು ಅಲ್ಲೊಂದು ಇಲ್ಲೊಂದು ನೀಲಿ ಕಾಳಿನ ಕೋಶ, ಆಮೇಲೆ ಒಂದು ಸಾಲು, ಆಮೇಲೆ ಎರಡು. ಅದು ಬಂದ ಕೂಡಲೇ ಅದರ ಮೇಲೆ ಹೊಸ ಬುಟ್ಟಿ ಹೆಣಿಗೆ.

ಕಣ್ಣು ನಿಂತದ್ದು ಇಲ್ಲಿ. ಹೊಸ ಹೆಣಿಗೆ ಕೆಳಗೆ, ಹಳೆಯ ಪ್ಯಾರಾಕೆರಟೋಸಿಸ್ ಅದರ ಮೇಲೆ. ಅಡಿಯಿಂದ ಬೆಳೆಯುವ ಚರ್ಮದಲ್ಲಿ ಹಳೆಯದು ಯಾವಾಗಲೂ ಮೇಲೆಯೇ ಅಲ್ವಾ? ಒಳಗೆ ರೋಗ ಆಗಲೇ ಹಿಂದೆ ಸರಿದಿದೆ. ಹೊರಗಿನಿಂದ ನೋಡುವವರಿಗೆ ಮಾತ್ರ ಇನ್ನೂ ಹೊಟ್ಟು ಕಾಣುತ್ತಿದೆ. ಉದುರಲು ಕಾದು ಕುಳಿತಿರುವ ಆ ಹೊಟ್ಟು ಕೆಲವು ವಾರಗಳ ಹಿಂದಿನ ಸುದ್ದಿ. ಒಂದು ಕಡೆ ಅದು ಅರ್ಧ ಎದ್ದು, ಗೋಡೆಯಿಂದ ಸುಣ್ಣದ ಚಕ್ಕೆ ಬಿಟ್ಟಂತೆ ನಿಂತಿತ್ತು.

ನೂಲು ಕಟ್ಟಿದ ತುದಿಯಲ್ಲಿ ಬಾಚಣಿಗೆಯ ಹಲ್ಲು ಬಹಳ ಮಟ್ಟಿಗೆ ಸವೆದಿತ್ತು. ಅಡಿಯ ಗಡಿಪೊರೆ ಎಲ್ಲೂ ಹರಿದಿರಲಿಲ್ಲ, ಒಳಚರ್ಮದಲ್ಲಿ ಗಾಯದ ಗುರುತಿಲ್ಲ. ಸೋರಿಯಾಸಿಸ್ ಆರಿದ ಮೇಲೆ ಗಾಯದ ಗಂಟು ಉಳಿಯದಿರುವುದು ಹೀಗೆ. ಉಳಿದದ್ದು ಬಣ್ಣ. ಒಳಚರ್ಮದ ಮೇಲ್ತುದಿಯಲ್ಲಿ ಮೆಲನಿನ್ ನುಂಗಿ ಕೂತ ಕಂದು ಕೋಶಗಳಿದ್ದವು. ನಮ್ಮಂಥ ಕಪ್ಪು ಚರ್ಮದವರಲ್ಲಿ ಇವು ಕರಗಲು ತಿಂಗಳುಗಟ್ಟಲೆ ಬೇಕು. ಕೆಲವರಲ್ಲಿ ಕಪ್ಪಿನ ಬದಲು ಬಿಳಿಚಿದ ಕಲೆ ಉಳಿಯುತ್ತದೆ, ಅದನ್ನು ನೋಡಿ ತೊನ್ನು ಎಂದು ಹೆದರುವವರೂ ಇದ್ದಾರೆ. ರಕ್ತನಾಳಗಳ ಸುತ್ತು ಮಾತ್ರ ಅಲ್ಲಿಯೂ ಪೂರ್ತಿ ಬಿಚ್ಚಿರಲಿಲ್ಲ. ಮೊದಲು ಬಂದವರು ಕೊನೆಗೆ ಹೋಗುತ್ತಾರೆ.

ಇನ್ನೂ ಒಂದು. ಆರಿದ ಮೇಲ್ಚರ್ಮದೊಳಗೆ ಒಂದು, ಎರಡು, ಮೂರು ಲಿಂಫೋಸೈಟ್. ಸುಮ್ನೆ ಕೂತಿದ್ದವು. ನಾವು ಹಾಕುವ ಮಾಮೂಲಿ ಬಣ್ಣದಲ್ಲಿ ಇವು ಯಾರು ಎಂದು ತಿಳಿಯುವುದಿಲ್ಲ. ಆದರೆ ಸೋರಿಯಾಸಿಸ್ ಆರಿದ ಜಾಗದಲ್ಲಿ ನೆನಪಿನ ಟಿ ಕೋಶಗಳು (ಹಿಂದಿನದನ್ನು ನೆನಪಿಟ್ಟುಕೊಳ್ಳುವ ಒಂದು ಬಗೆಯ ಲಿಂಫೋಸೈಟ್) ಬೀಡುಬಿಟ್ಟಿರುತ್ತವೆ ಎಂಬುದು ಈಗ ಗೊತ್ತಿರುವ ವಿಷಯ. ರೋಗ ಮರುಕಳಿಸುವಾಗ ಹಳೆಯ ಜಾಗವನ್ನೇ ಹುಡುಕಿಕೊಂಡು ಬರುವುದಕ್ಕೆ ಅವೂ ಒಂದು ಕಾರಣ.

ಪಾಸ್ ಬಣ್ಣ ಈ ಸಲ ಮರೆಯಲಿಲ್ಲ. ಫಂಗಸ್ ಇಲ್ಲ. ಸುತ್ತಲಿನ ಕೆಂಪು ಬಳೆ ಆರಲು ಬಾಕಿಯಿದ್ದ ಅಂಚು ಅಷ್ಟೇ. ಡಾಕ್ಟರ್ ಮಾತ್ರೆ ಬದಲಿಸಲಿಲ್ಲ, ಮುಂದುವರಿಸಿದರು. ದೀಪಾವಳಿ ಕಳೆದ ಮೇಲೆ ಬಳೆಯೂ ಹೋಯಿತು.

ಮರುವರ್ಷ ಜುಲೈಯಲ್ಲಿ, ಆಟಿಯ ಮಳೆ ಸುರಿಯುತ್ತಿದ್ದಾಗ, ಡಾಕ್ಟರ್ ಒಂದು ಫೋಟೋ ಕಳಿಸಿದರು. ಎಡಗಾಲು, ಅದೇ ಕಪ್ಪು ಗುರುತಿನ ಅಂಚಿನಲ್ಲಿ ಎರಡು ಕೆಂಪು ಚುಕ್ಕಿ. ಪಾದದ ಹಗ್ಗದ ಗೆರೆಯಲ್ಲಿ ಏನೂ ಇಲ್ಲ. ಆ ವರ್ಷ ಅವರು ಮರ ಹತ್ತಿರಲಿಲ್ಲ, ನೆಲದಲ್ಲೇ ನಿಂತು ಫೈಬರ್ ದೋಟಿಯಿಂದ ಮದ್ದು ಬಿಡುವುದು ಕಲಿತಿದ್ದರು.

“ಇನ್ನೊಂದು ತುಂಡು ಬೇಕಾ?” ಎಂದು ಕೇಳಿದರು ಡಾಕ್ಟರ್.

“ಬೇಡ ಮೇಡಂ” ಎಂದೆ. “ಎಷ್ಟು ದಿನದ್ದು ಅಂತ ಮಾತ್ರ ಕೇಳಿ.”

ಆರು ದಿನದ್ದಂತೆ.